ಬಡಿಸಿದ ಕೈ

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವರು ಯಾರೋ, ಅವರಿಗೆ ರಕ್ತದೊತ್ತಡ ಇದ್ದಿರಲಾರದು. ಟೀಚರಮ್ಮನಿಗೆ ಇತ್ತು. ಸಾಲದ್ದಕ್ಕೆ ಮೂತ್ರಪಿಂಡಗಳೂ ಮುಷ್ಕರ ಹೂಡಿದ್ದವು. ಡಾಕ್ಟರು ಉಪ್ಪು, ಎಣ್ಣೆ, ಕರಿದದ್ದು ಎಂದು ಒಂದೊಂದನ್ನೇ ಚೀಟಿಯಿಂದ ಹೊಡೆದುಹಾಕುತ್ತ ಹೋದಾಗ, "ತಟ್ಟೆ ಒಂದನ್ನ ಬಿಟ್ಟಿದ್ದಾರಲ್ಲ, ಅದನ್ನೇ ತಿನ್ನಲಾ?" ಎಂದು ಮಗಳನ್ನು ಕೇಳಿದ್ದರಂತೆ. ಮಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಔಷಧಿ ಅಂಗಡಿಯಲ್ಲಿ ನಿಂತು ದುಡಿಯುವವಳು. ಮಧ್ಯಾಹ್ನದ ಅಡುಗೆಗೆ ಯಾರು? ಅದಕ್ಕೆ ತಾನೇ ಒಪ್ಪಿಕೊಂಡು ಬಂದವನು ಸೌಟಣ್ಣ.

ಸೌಟಣ್ಣ ಎನ್ನುವುದು ಸೈನ್ಯದಲ್ಲಿ ಬಿದ್ದ ಹೆಸರು. ಅವನು ಪಲ್ಟನ್ನಿನ ಅಡುಗೆಯವನಾಗಿದ್ದ. ಟೀಚರಮ್ಮನ ಒಬ್ಬನೇ ಮಗ, ಇಪ್ಪತ್ತು ವರ್ಷದವನು, ಅದೇ ಪಲ್ಟನ್ನಿನಲ್ಲಿದ್ದು ಮೂವತ್ತೊಂದು ವರ್ಷದ ಹಿಂದೆ ಯುದ್ಧದಲ್ಲಿ ಸತ್ತ. ಅವನ ಬಟ್ಟೆಬರೆಯ ಪೆಟ್ಟಿಗೆಯನ್ನು ಮನೆಗೆ ತಂದುಕೊಟ್ಟವನೂ ಸೌಟಣ್ಣನೇ. ಅಂದಿನಿಂದ ಈ ಮನೆಯ ಬಾಗಿಲು ಅವನಿಗೆ ತೆರೆದೇ ಇತ್ತು.

ಎಂಬತ್ತು ಜನಕ್ಕೆ ಬೇಯಿಸಿ ಪಳಗಿದ ಕೈಗೆ ಒಬ್ಬ ಮುದುಕಿಯ ಅಡುಗೆ ಸುಲಭದ ಮಾತಲ್ಲ. ಮೊದಲ ವಾರ ಅವನು ಮಾಡಿಟ್ಟ ಬೇಳೆಯನ್ನು ನೋಡಿ ಟೀಚರಮ್ಮ, "ಪಲ್ಟನ್ನು ಹೊರಗೆ ಕಾಯ್ತಾ ಇದೆಯೇನೋ? ಒಳಗೆ ಕರಿ ಮತ್ತೆ, ಪಾಪ" ಎಂದರು. ಬರಬರುತ್ತ ಅವನ ಕೈ ಕಿರಿದಾಯಿತು. ಸೊಪ್ಪನ್ನು ಮುಚ್ಚಳ ಹಾಕದೆ ಬೇಯಿಸಿದರೆ ಹಸಿರು ಕೆಡುವುದಿಲ್ಲ. ಕುಂಬಳಕಾಯಿಯನ್ನು ಹಬೆಯಲ್ಲಿಟ್ಟರೆ ಅದರ ಸಿಹಿ ಅದರಲ್ಲೇ ಉಳಿಯುತ್ತದೆ. ಉಪ್ಪಿಲ್ಲದ ಬೇಳೆಗೆ ಹುರಿದ ಜೀರಿಗೆ ಪುಡಿಯನ್ನೂ ನಾಲ್ಕು ಹನಿ ನಿಂಬೆರಸವನ್ನೂ ಹಾಕಿದರೆ ನಾಲಿಗೆ ಮೋಸಹೋಗುತ್ತದೆ. ಇದನ್ನೆಲ್ಲ ಅವನು ಯಾವ ಪುಸ್ತಕ ಓದಿಯೂ ಕಲಿಯಲಿಲ್ಲ. ಟೀಚರಮ್ಮನ ಮುಖ ನೋಡಿ ನೋಡಿ ಕಲಿತ.

ಬಡಿಸಿದ ಮೇಲೆ ಬರುತ್ತಿದ್ದುದು ಅವನ ಕಷ್ಟದ ಗಳಿಗೆ. ಟೀಚರಮ್ಮ ಕಣ್ಣು ಮುಚ್ಚಿ ದೇವರೊಂದಿಗೆ ಮಾತಿಗಿಳಿಯುತ್ತಿದ್ದರು. ಬೇಡುವುದಕ್ಕಲ್ಲ, ಆ ದಿನದ ಋಣ ಹೇಳುವುದಕ್ಕೆ. ನಲ್ಲಿಯಲ್ಲಿ ನೀರು ಬಂತು, ಉಪಕಾರವಾಯಿತು. ಮೆಟ್ಟಿಲಲ್ಲಿ ಮಂಡಿ ಕೈಕೊಡಲಿಲ್ಲ, ಉಪಕಾರವಾಯಿತು. ಎದುರು ಮನೆಯ ಕೂಸು ಇವತ್ತು ನನ್ನನ್ನು ನೋಡಿ ನಕ್ಕಿತು. ದಿನಕ್ಕೊಂದು ಹೊಸದಿರುತ್ತಿತ್ತು. ಕೊನೆಯ ಮಾತು ಮಾತ್ರ ಬದಲಾಗುತ್ತಿರಲಿಲ್ಲ: "ಕಡೇ ಹೊತ್ತಲ್ಲಿ ನನ್ನ ಮಗನಿಗೆ ಬಿಸಿ ಗಂಜಿ ಬಡಿಸಿದ ಕೈ ಇದು. ಇದನ್ನ ತಣ್ಣಗಿಡು."

ಆ ಮಾತು ಬಂದಾಗಲೆಲ್ಲ ಸೌಟಣ್ಣ ಏನಾದರೊಂದು ಪಾತ್ರೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ. ಕಳ್ಳನ ಮನಸ್ಸು ಹುಳ್ಳಗೆ ಎನ್ನುತ್ತಾರಲ್ಲ, ಹಾಗೆ.

ಗಂಜಿ ಬಡಿಸಿದ್ದು ನಿಜ. ಪೆಟ್ಟಿಗೆ ತಂದ ದಿನ ಟೀಚರಮ್ಮ ಅಳುವ ಮುಂಚೆ ಕೇಳಿದ್ದು ಒಂದೇ ಮಾತು, "ಉಂಡಿದ್ನಾ?" ಅವನು ಹೇಳಿದ್ದೂ ಒಂದೇ ಮಾತು, "ಉಂಡಿದ್ದ ಅಮ್ಮಾ. ಬಿಸಿ ಗಂಜಿ, ಎರಡು ಸೌಟು." ಸುಳ್ಳಿನ ಲವಲೇಶವೂ ಇರಲಿಲ್ಲ. ಆದರೆ ಆ ಗಂಜಿ ಬೆಂದದ್ದು ಹೇಗೆಂದು ಅವನು ಹೇಳಲಿಲ್ಲ, ಅವರು ಕೇಳಲಿಲ್ಲ.

ಗುಡ್ಡದ ಮೇಲೆ ಕಾವಲು, ಅದರ ಕೆಳಗಿನ ಹಳ್ಳದಲ್ಲಿ ಇವನ ಒಲೆ. ಆರು ದಿನದಿಂದ ಬೆಂಕಿ ಹಚ್ಚಬಾರದೆಂದು ಕಟ್ಟಪ್ಪಣೆಯಾಗಿತ್ತು. ಶತ್ರುವಿಗೆ ಹಗಲು ಹೊಗೆ ಕಾಣುತ್ತದೆ, ಇರುಳು ಬೆಳಕು ಕಾಣುತ್ತದೆ. ಒಣ ಬಿಸ್ಕತ್ತು ಕಡಿದು ಕಡಿದು ಎಲ್ಲರ ಒಸಡು ಹುಣ್ಣಾಗಿತ್ತು. ಏಳನೆಯ ಬೆಳಿಗ್ಗೆ ದಟ್ಟ ಮಂಜು. ಟೀಚರಮ್ಮನ ಮಗ ಜ್ವರದಲ್ಲಿ ಹಲ್ಲು ಕಟಕಟಿಸುತ್ತ ಹಳ್ಳಕ್ಕೆ ಇಳಿದು ಬಂದ. "ಅಣ್ಣಾ, ಒಂದೇ ಒಂದು ಬಟ್ಟಲು ಬಿಸಿ ಗಂಜಿ ಮಾಡಿಕೊಡು. ಈ ಮಂಜಲ್ಲಿ ಹೊಗೆ ಯಾರಿಗೆ ಕಾಣುತ್ತೆ?" ಸೌಟಣ್ಣ ಬೈದು ಕಳಿಸಿದ. ಹುಡುಗ ಹೋಗಲಿಲ್ಲ, ತಣ್ಣಗಿನ ಒಲೆಯ ಮುಂದೆಯೇ ಮುದುರಿ ಕೂತ. ಗಂಜಿ ಬೇಯುವಷ್ಟು ಹೊತ್ತು ಮಂಜು ನಿಂತೀತೆಂದು ಸೌಟಣ್ಣ ಅಳತೆ ಹಾಕಿದ. ಅಳೆದವನು ಅಡುಗೆಯವನೇ ಹೊರತು ಹವಾಮಾನ ಬಲ್ಲವನಲ್ಲ. ಮಂಜಿಗೆ ಸೌದೆ ನೆನೆದಿತ್ತು. ಅರ್ಧ ಗಂಟೆಯಲ್ಲಿ ಬೇಯಬೇಕಾದದ್ದು ಒಂದು ಗಂಟೆ ಹಿಡಿಯಿತು. ವಾಸನೆಗೆ ಇನ್ನೂ ನಾಲ್ವರು ಇಳಿದು ಬಂದರು. ಎಲ್ಲರಿಗೂ ಬಡಿಸಿ, ತಳ ಹಿಡಿದ ಪಾತ್ರೆಯನ್ನು ಆಗಲೇ ಉಜ್ಜಿಬಿಡುವ ಅಭ್ಯಾಸದಂತೆ, ಅದನ್ನೆತ್ತಿಕೊಂಡು ಸೌಟಣ್ಣ ತೊರೆಗೆ ಹೋದ. ತಲೆಯೆತ್ತಿ ನೋಡಿದರೆ ಮಂಜು ಸರಿದಿತ್ತು. ಒಲೆಯ ಮೇಲಿಂದ ಹೊಗೆ ನೆಟ್ಟಗೆ ನಿಂತಿತ್ತು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಮೊದಲ ಫಿರಂಗಿ ಗುಂಡು ಬಂದು ಬಿತ್ತು. ಒಲೆಯ ಸುತ್ತ ಕೂತಿದ್ದ ಐವರಲ್ಲಿ ಒಬ್ಬನೂ ಏಳಲಿಲ್ಲ.

ವಿಚಾರಿಸಲು ಬಂದ ಅಧಿಕಾರಿಗಳು ಅವನನ್ನು ಏನೂ ಕೇಳಲಿಲ್ಲ. ಒಲೆಯೇ ಉಳಿದಿರಲಿಲ್ಲವಲ್ಲ. ಹೀಗೆ ಮೂವತ್ತೊಂದು ವರ್ಷ ಅದು ಬಾಯೊಳಗಿನ ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು.

ಹಾಗೆಯೇ ಇದ್ದುಬಿಡುತ್ತಿದ್ದನೇನೋ. ಆದರೆ ಸತ್ತವರನ್ನು ನೆನೆಯುವ ವರ್ಷದ ದಿನ ಹತ್ತಿರ ಬಂತು. ಟೀಚರಮ್ಮ ಆ ಭಾನುವಾರಕ್ಕೆ ಒಂದು ಏರ್ಪಾಟು ಮಾಡಿ, ಹುರುಪಿನಿಂದ ಹೇಳಿದರು: "ಈ ಸಲ ಐದೂ ಮನೆಯವರು ಬರ್ತಾರೆ ಕಣೋ. ಪ್ರಾರ್ಥನೆ ಆದಮೇಲೆ ನಿನ್ನನ್ನ ಮುಂದೆ ನಿಲ್ಲಿಸಿ ಎಲ್ಲರೂ ಒಂದು ಮಾತು ಹೇಳ್ತೀವಿ. ನಮ್ಮ ಮಕ್ಕಳು ಹಸಿದುಕೊಂಡು ಹೋಗಲಿಲ್ಲ ಅನ್ನೋದು ಸಣ್ಣ ವಿಷಯನಾ? ನಾನು ಮುಂದಿನ ವರ್ಷ ಇರ್ತೀನೋ ಇಲ್ವೋ."

ಒಬ್ಬ ತಾಯಿಯ ಹಾರೈಕೆಯನ್ನು ಬಚ್ಚಲಲ್ಲಿ ನಿಂತು ಕೇಳಬಹುದು. ಐದು ಮನೆಯವರ ಮುಂದೆ ನಿಂತು ಕೈಮುಗಿಸಿಕೊಳ್ಳುವುದು ಹೇಗೆ? ಸೌಟಣ್ಣ ಮೂರು ದಿನ ಮೀನಮೇಷ ಎಣಿಸಿದ. ಹೇಳಿಬಿಟ್ಟರೆ ಕ್ಷಮಿಸಿಯಾರು ಎಂಬ ಆಸೆಯೂ ಒಳಗೊಳಗೇ ಇತ್ತು. ಅದು ಇಲ್ಲವೆಂದರೆ ಸುಳ್ಳಾದೀತು. ಈ ಮುದುಕಿಯ ಬಾಯಲ್ಲಿ ಒಂದು ಸಲ 'ಹೋಗಲಿ ಬಿಡು' ಎನ್ನಿಸಿಕೊಂಡರೆ ಸಾಕು, ಮುಂದೆ ಸತ್ತರೂ ಚಿಂತೆಯಿಲ್ಲ ಎನ್ನಿಸಿತ್ತು ಅವನಿಗೆ.

ಗುರುವಾರ, ಕುಂಬಳಕಾಯಿ ಹಬೆಯಲ್ಲಿದ್ದಾಗ, ನೆಲದ ಮೇಲೆ ಅವರ ಕುರ್ಚಿಯ ಪಕ್ಕ ಕೂತು ಎಲ್ಲ ಹೇಳಿದ. ಅಪ್ಪಣೆ, ಮಂಜು, ನೆನೆದ ಸೌದೆ, ಹೊಗೆ, ತೊರೆ. ಹುಡುಗ ಕೇಳಿದ ಒಂದು ಮಾತನ್ನು ಬಿಟ್ಟು ಎಲ್ಲ.

ಟೀಚರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಪಾಠ ಒಪ್ಪಿಸಿದ ಮಗುವನ್ನು ಕೇಳುವ ದನಿಯಲ್ಲಿ ಕೇಳಿದರು.

"ಆರು ದಿನ ಹಚ್ಚದವನು ಏಳನೇ ದಿನ ಯಾಕೆ ಹಚ್ಚಿದೆ?"

ಸೌಟಣ್ಣ ಹೆಗಲ ಮೇಲಿದ್ದ ಬಟ್ಟೆಯನ್ನು ಮಡಿಸತೊಡಗಿದ.

"ಯಾರಾದ್ರೂ ಕೇಳಿದ್ರಾ? ನನ್ನ ಮಗ ಕೇಳಿದ್ನಾ?"

ಅವರ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಹೌದು ಎಂದುಬಿಟ್ಟರೆ ಮುಗಿಯಿತು. ಕ್ಷಮೆ ಅಲ್ಲೇ ಕೈಯಳತೆಯಲ್ಲಿತ್ತು. ಜ್ವರದ ಹುಡುಗ ಕೇಳಿದ, ಅಣ್ಣನೆನಿಸಿಕೊಂಡವನ ಮನಸ್ಸು ತಡೆಯಲಿಲ್ಲ ಎಂದರೆ ಯಾವ ತಾಯಿ ತಾನೇ ಕ್ಷಮಿಸಳು? ಆದರೆ ಆಮೇಲೆ? ಅವನನ್ನೂ ಇನ್ನು ನಾಲ್ಕು ಮನೆಯ ಮಕ್ಕಳನ್ನೂ ಕೊಂದದ್ದು ತನ್ನ ಮಗನ ಬಾಯಿಂದ ಬಂದ ಒಂದು ಮಾತು ಎಂದು ತಿಳಿದು, ಇವರು ಉಳಿದ ನಾಲ್ಕು ದಿನ ಹೇಗೆ ಉಣ್ಣುತ್ತಾರೆ? ಭಾನುವಾರ ಆ ನಾಲ್ವರು ತಾಯಂದಿರ ಮುಖ ಹೇಗೆ ನೋಡುತ್ತಾರೆ?

"ಇಲ್ಲಮ್ಮ, ಯಾರೂ ಕೇಳಲಿಲ್ಲ" ಎಂದ. "ನನಗೇ ಚಳಿ ತಡೆಯೋಕಾಗಲಿಲ್ಲ."

ಹಬೆಯ ಪಾತ್ರೆಯ ಮುಚ್ಚಳ ತಟತಟ ಎನ್ನುತ್ತಿತ್ತು.

"ನಿನ್ನ ಚಳಿಗೆ," ಎಂದರು ಟೀಚರಮ್ಮ. "ನಿನ್ನ ಚಳಿಗೆ ಹೋದನೇನೋ ನನ್ನ ಮಗ. ನಾನು ದಿನಾ ದೇವರ ಮುಂದೆ ಕೂತು ಅದಕ್ಕೇ ಉಪಕಾರ ಹೇಳ್ತಾ ಬಂದೆನಲ್ಲೋ. ಆ ದೇವರಾದ್ರೂ ನನ್ನ ಬಾಯಿ ಮುಚ್ಚಿಸಬಾರದಿತ್ತಾ."

ಸೌಟಣ್ಣ ಅವರ ಕಾಲು ಮುಟ್ಟಲು ಹೋದ. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಒಲೆ ಆರಿಸಿ ಹೋಗು. ನಾಳೆ ಬರಬೇಡ."

ಅವನು ಒಲೆ ಆರಿಸಿದ. ಕುಂಬಳಕಾಯಿಯನ್ನು ಬಟ್ಟಲಿಗೆ ಹಾಕಿ ಮುಚ್ಚಿಟ್ಟ, ಪಾತ್ರೆ ಉಜ್ಜಿ ಬೋರಲು ಹಾಕಿದ. ಸಂಜೆ ಮಗಳು ಮನೆಗೆ ಬರುವವರೆಗೆ ಬೀದಿಯ ತಿರುವಿನಲ್ಲಿ ಕಾದಿದ್ದು, ಯಾವುದಕ್ಕೆ ಎಷ್ಟು ನೀರು, ಯಾವ ಸೊಪ್ಪನ್ನು ಮೂತ್ರಪಿಂಡಕ್ಕೆ ಆಗದೆಂದು ಡಾಕ್ಟರು ಬಿಡಿಸಿದ್ದಾರೆ, ನಿಂಬೆರಸ ಹಾಕಬೇಕಾದ್ದು ಒಲೆಯಿಂದ ಇಳಿಸಿದ ಮೇಲೆ ಎಂದೆಲ್ಲ ಬರೆದ ಹಾಳೆಯನ್ನು ಅವಳ ಕೈಗಿತ್ತ. ಯಾಕೆಂದು ಅವಳು ಕೇಳಿದಾಗ, "ಅಮ್ಮ ಹೇಳ್ತಾರೆ" ಎಂದಷ್ಟೇ ಹೇಳಿ ನಡೆದುಬಿಟ್ಟ. ಮನೆ ಸೇರುವವರೆಗೆ ಅಳು ತಡೆದುಕೊಂಡಿದ್ದ. ಸೇರಿದ ಮೇಲೆ ತಡೆಯಲಿಲ್ಲ.

ಭಾನುವಾರ ಅವನು ಪ್ರಾರ್ಥನಾ ಮಂದಿರದ ಕಡೆ ಸುಳಿಯಲಿಲ್ಲ. ಆ ಮನೆಯಿಂದ ಯಾರೂ ಹೇಳಿಕಳಿಸಲಿಲ್ಲ. ಅವನ ಮೊಣಕಾಲಿನ ಮಾತ್ರೆ ಮುಗಿದದ್ದು ಮುಂದಿನ ಬುಧವಾರ. ಬೇರೆ ಅಂಗಡಿ ಹುಡುಕಬಹುದಿತ್ತು, ಆದರೆ ಕಾಲು ಟೀಚರಮ್ಮನ ಮಗಳಿದ್ದ ಹಳೆಯ ಅಂಗಡಿಗೇ ಹೋಯಿತು. ಮಗಳು ಮಾತ್ರೆಯ ಪಟ್ಟಿ ಕತ್ತರಿಸುತ್ತ ತಲೆಯೆತ್ತದೆ ಮಾತಾಡಿದಳು.

"ಅಮ್ಮ ನನಗೆ ಎಲ್ಲ ಹೇಳಿದ್ರು ಅಣ್ಣ. ಭಾನುವಾರ ಪ್ರಾರ್ಥನೆಯಲ್ಲಿ ಯಾರಿಗೂ ಹೇಳಲಿಲ್ಲ. ನಿಮಗೆ ಹುಷಾರಿಲ್ಲ ಅಂದುಬಿಟ್ರು."

"ಊಟ ಮಾಡ್ತಿದ್ದಾರಾ?"

"ಮಾಡ್ತಾರೆ. ಕಣ್ಣು ಮುಚ್ಚಿ ಕೂರ್ತಾರೆ. ಮೊದಲಿನ ಹಾಗೆ ಮಾತು ಬರಲ್ಲ." ಅವಳು ಮಾತ್ರೆಗಳನ್ನು ಕಾಗದದ ಚೀಲಕ್ಕೆ ಹಾಕಿದಳು. "ಭಾನುವಾರ ಮಾತ್ರ ಎದ್ದು ನಿಂತು ತಮ್ಮನ ವಿಷಯ ಮಾತಾಡಿದ್ರು. ಎಲ್ಲರೂ ಅತ್ತುಬಿಟ್ರು. ನನ್ನ ಮಗ ಹೊಟ್ಟೆಗೆ ಬೇಕು ಅಂತ ಯಾರ ಹತ್ರಾನೂ ಬಾಯಿಬಿಟ್ಟವನಲ್ಲ, ಎಂಥ ಕಷ್ಟದಲ್ಲೂ ಕೇಳಲಿಲ್ಲ ಅಂದ್ರು. ಈಗ ಅದೊಂದನ್ನೇ ಹಿಡ್ಕೊಂಡಿದ್ದಾರೆ." ಚೀಲ ಕೊಡಲು ಕೈ ಚಾಚಿದವಳು ಅದನ್ನು ಕೊಡದೆ ಹಾಗೇ ನಿಂತಳು. "ನಿಜ ತಾನೇ ಅಣ್ಣ? ಕೇಳಲಿಲ್ಲ ತಾನೇ ಅವನು?"

ಸೌಟಣ್ಣ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡ.

"ಇಲ್ಲ ತಾಯಿ," ಎಂದ. "ಏನೂ ಕೇಳಲಿಲ್ಲ."