ತಣ್ಣನೆಯ ಹಾಲು

ಆ ಊರಿಗೆ ಬಸ್ಸು ಬಂದರೆ ಬಂತು, ಕರೆಂಟು ಇದ್ದರೆ ಇತ್ತು. ಹಾಲಿನ ಡೇರಿ ಮಾತ್ರ ಒಂದು ದಿನವೂ ಬಾಗಿಲು ಹಾಕಿದ್ದಿಲ್ಲ. ಒಂದೇ ಕೋಣೆ, ಒಂದು ಮೇಜು, ಗೋಡೆಗೆ ಸಾಲಾಗಿ ನಿಂತ ಕ್ಯಾನುಗಳು. ಸಂಜೆಯಾದರೆ ಅಲ್ಲಿ ಹಾಲಿಗಿಂತ ಸುದ್ದಿಯೇ ಹೆಚ್ಚು ಬಂದು ಬೀಳುತ್ತಿತ್ತು. ಹಾಲು ಅಳೆಯುವವಳನ್ನು ಊರೆಲ್ಲ ಡೇರಿಯಕ್ಕ ಎಂದೇ ಕರೆಯುತ್ತಿತ್ತು. ಆಗತಾನೆ ಕರೆದ ಹಾಲಿನ ಬಿಸುಪು ಅವಳ ಅಂಗೈಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಕೆರೆದಂಡೆಯ ತಾತನ ತಂಬಿಗೆ ಹಿಡಿದಾಗ ಅವಳ ಕೈ ತಡೆಯಿತು. ಹಾಲು ಬಾವಿನೀರಿನಷ್ಟು ತಣ್ಣಗಿತ್ತು. ಅಲ್ಲದೆ ತಾತನಿಗಿದ್ದದ್ದು ಒಂದೇ ಎಮ್ಮೆ; ಅದು ಹಾವು ಕಚ್ಚಿ ಸತ್ತಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದೊಯ್ದು ಹೊಲದ ಬದುವಿನಲ್ಲಿ ಹೂಳಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು.

"ಹೊಸ ಎಮ್ಮೆ ತಂದ್ಯಾ ತಾತ?"

"ಹೊಸದ್ಯಾಕೆ ಮಗಳೇ? ನಮ್ಮವಳು ಇದಾಳಲ್ಲ," ಎಂದು ತಾತ ಹೊರಟ.

ಸಾಲಿನಲ್ಲಿದ್ದವರು ಮುಸಿಮುಸಿ ನಕ್ಕರು. "ಅರಳುಮರಳು ಅಕ್ಕ. ಎಲ್ಲಿಂದಲೋ ಕೊಂಡು ತಂದು ಹಾಕ್ತಿದಾನೆ," ಎಂದಳು ಸಾಲಿನಲ್ಲಿದ್ದ ಅವಳ ಓರಗಿತ್ತಿ. ಡೇರಿಯಕ್ಕನಿಗೆ ಮನಸ್ಸು ತಡೆಯಲಿಲ್ಲ. ಮರುದಿನ ಹಾಲು ಕರೆಯುವ ಹೊತ್ತಿಗೆ ತಾತನ ಕೊಟ್ಟಿಗೆಗೆ ಹೋದಳು.

ತಾತ ಕುಕ್ಕರುಗಾಲಿನಲ್ಲಿ ಕೂತಿದ್ದ. ಮೊಣಕಾಲ ನಡುವೆ ತಂಬಿಗೆ. ಎದುರಿಗೆ ಏನೂ ಇರಲಿಲ್ಲ. ಬೆರಳುಗಳು ಬರೀ ಗಾಳಿಯಲ್ಲಿ ಆಡುತ್ತಿದ್ದವು. ಪಾಪ ಮುದುಕ ಎಂದುಕೊಳ್ಳುವಷ್ಟರಲ್ಲಿ ತಂಬಿಗೆಯೊಳಗೆ ಸೊರ್ ಸೊರ್ ಎಂದು ಹಾಲು ಬೀಳುವ ಸದ್ದು ಕೇಳಿತು. ಗೂಟದ ಹಗ್ಗ ನೆಲಕ್ಕೆ ಬಿದ್ದಿರಲಿಲ್ಲ. ಎಳೆದು ಹಿಡಿದಂತೆ ಬಿಗಿಯಾಗಿ ನಿಂತಿತ್ತು. ಗೋದಲಿಯ ಹುಲ್ಲು ಎಸಳೆಸಳಾಗಿ ಕಮ್ಮಿಯಾಗುತ್ತಿತ್ತು.

"ಅಲ್ಲೇ ನಿಲ್ಲು ಮಗಳೇ," ತಾತ ತಿರುಗಿ ನೋಡದೆಯೇ ಅಂದ. "ಹೊಸಬರನ್ನ ಕಂಡ್ರೆ ಒದೀತಾಳೆ."

ಹಗ್ಗ ಮೆಲ್ಲಗೆ ಅವಳ ಕಡೆಗೆ ವಾಲಿತು.

ಆ ಸಂಜೆ ಅವಳು ತಂಬಿಗೆ ಮುಟ್ಟಲಿಲ್ಲ. "ಬೇಡ ತಾತ. ಮಕ್ಕಳು ಮರಿ ಕುಡಿಯೋ ಹಾಲಿದು."

"ಅವಳಿಗೆ ಬೇಜಾರಾಗುತ್ತೆ," ಎಂದಷ್ಟೇ ಹೇಳಿ ತಾತ ಹೋದ.

ಮಾರನೆಯ ಬೆಳಿಗ್ಗೆ ಡೇರಿಗೆ ಒಂದು ತೊಟ್ಟು ಹಾಲು ಬರಲಿಲ್ಲ. ಕರುಗಳು ಕೆಚ್ಚಲು ಗುದ್ದಿ ಗುದ್ದಿ ಸೋತವು. ಊರಿನ ಹಸು, ಎಮ್ಮೆಗಳೆಲ್ಲ ಕೆರೆಯ ಕಡೆ ಮುಖ ಮಾಡಿ, ಕಿವಿ ನಿಮಿರಿಸಿ ಅಲ್ಲಾಡದೆ ನಿಂತಿದ್ದವು. ನಕ್ಕಿದ್ದ ಓರಗಿತ್ತಿಯೇ ಓಡಿ ಬಂದು, "ಹೋಗಿ ಸಮಾಧಾನ ಮಾಡು ಅಕ್ಕ," ಅಂದಳು. ಯಾರನ್ನು ಎಂದು ಡೇರಿಯಕ್ಕ ಕೇಳಲಿಲ್ಲ.

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಖಾಲಿ ಗೂಟಕ್ಕೆ, "ತಪ್ಪಾಯ್ತು ಕಣೇ," ಎಂದಳು. ಹಸಿ ಹುಲ್ಲಿನ ವಾಸನೆಯ ತಣ್ಣನೆಯ ಉಸಿರೊಂದು ಅವಳ ಕತ್ತಿಗೆ ತಾಕಿತು. ಹಿಂದೆ ನಿಂತಿದ್ದ ತಾತ, "ಒಪ್ಪಿದ್ಲು," ಎಂದ.

ಸಂಜೆ ಊರಿಗೆ ಊರೇ ಹಾಲು ತಂದಿತು. ಅಂದಿನಿಂದ ತಾತನ ಹಾಲಿಗೆ ಬೇರೆ ಪಾತ್ರೆ. ಅದನ್ನು ಡೇರಿಯಕ್ಕ ಕತ್ತಲಾಗುವ ಮೊದಲೇ ಒಯ್ದು ಹೊಲದ ಬದುವಿನಲ್ಲಿ ಸುರಿದು ಬರುತ್ತಿದ್ದಳು.

ಹೋದ ವರ್ಷ ತಾತ ತೀರಿಕೊಂಡ. ಈಗ ಡೇರಿಯಲ್ಲಿ ಅಳೆಯುವವಳು ಓರಗಿತ್ತಿ. ಡೇರಿಯಕ್ಕ ದಿನಾ ಸಂಜೆ ಒಂದು ಹೊರೆ ಹುಲ್ಲು ಹೊತ್ತು ಕೆರೆದಂಡೆಗೆ ಹೋಗುತ್ತಾಳೆ. ಹಿಂದಿರುಗುವಾಗ ಅವಳ ಭುಜದ ಬಟ್ಟೆ ಒದ್ದೆಯಾಗಿರುತ್ತದೆ, ಯಾವುದೋ ದೊಡ್ಡ ನಾಲಿಗೆ ಅಕ್ಕರೆಯಿಂದ ನೆಕ್ಕಿದ ಹಾಗೆ.