ಗಾಜಿಗೆ ಕೂರುವ ಬ್ಲೇಡು

ಬಾಳೂರಿನ ಎಸ್ಟೇಟಿಗೆ ಕೆಲಸದ ಹೆಂಗಸರನ್ನು ಕರೆದೊಯ್ಯುತ್ತಿದ್ದ ರೇವತಿಯ ಹಳೇ ವ್ಯಾನು ಜೂನ್ ತಿಂಗಳ ಮೊದಲ ಜಡಿಮಳೆಯಲ್ಲಿ ಚರಂಡಿಗಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಎಸ್ಟೇಟಿನ ಹಾಜರಿ-ಲೆಕ್ಕ ನೋಡುವ ರೈಟರ್ ಶೇಷಪ್ಪ ಎಲ್ಲರೆದುರೇ ತೀರ್ಪು ಕೊಟ್ಟುಬಿಟ್ಟರು.

"ಮಳೆಗಾಲದಲ್ಲಿ ಹೆಂಗಸ್ರ ಕೈಗೆ ಗಾಡಿ ಬೇಡ. ನಾಳೆಯಿಂದ ನಮ್ಮ ಭಾವನ ಜೀಪು ಬರ್ತದೆ."

"ತಪ್ಪು ನನ್ನ ಕೈದಲ್ಲ ಶೇಷಪ್ಪಣ್ಣ, ವೈಪರಿಂದು. ನೀರು ಒರೆಸೋ ಬದ್ಲು ಗ್ಲಾಸಿಗೆ ಬಳೀತಿತ್ತು," ಎಂದಳು ರೇವತಿ. ಅವರು ಕೊಡೆ ಬಿಚ್ಚಿಕೊಂಡು ನಡೆದೇಬಿಟ್ಟರು.

ವ್ಯಾನನ್ನು ಚರಂಡಿಯಿಂದ ಎಳೆಸಿಕೊಂಡು ಮನೆಗೆ ಬಂದವಳೇ ವೈಪರಿನ ಎರಡೂ ಬ್ಲೇಡು ಬಿಚ್ಚಿ ನೋಡಿದಳು. ಬೇಸಿಗೆಯ ಬಿಸಿಲಿಗೆ ರಬ್ಬರು ಒಣಗಿ ಸೀಳಿಹೋಗಿತ್ತು. ಸಿಟ್ಟು ಕಡಿಮೆಯಾಗಲಿಲ್ಲ, ಆದರೆ ಅದಕ್ಕೊಂದು ದಾರಿ ಸಿಕ್ಕಿತು. ಮರುದಿನ ಮಳೆ ಬಿಟ್ಟು ಹೊಳವಾದ ಹೊತ್ತು ನೋಡಿಕೊಂಡು ವ್ಯಾನು ತೆಗೆದು ಮೂಡಿಗೆರೆಗೆ ಹೋದಳು.

ಸ್ಪೇರ್ ಪಾರ್ಟ್ಸ್ ಅಂಗಡಿಯ ಜಯಪ್ರಕಾಶ್ ಅವಳು ತಂದ ಹಳೇ ಬ್ಲೇಡಿನ ಕಡೆ ಕಣ್ಣೂ ಹಾಯಿಸದೆ ಉದ್ದನೆಯ ಜೋಡಿಯೊಂದನ್ನು ಮುಂದಿಟ್ಟ.

"ಇದು ಎಲ್ಲಾ ಗಾಡಿಗೂ ಆಗ್ತದೆ ಅಕ್ಕ. ಉದ್ದ ಇದ್ದಷ್ಟೂ ಒಳ್ಳೇದು."

"ಎಲ್ಲಾ ಗಾಡಿ ವಿಷ್ಯ ಬೇಡ, ನಂದಕ್ಕೆ ಆಗ್ತದಾ ನೋಡುವ. ಹಾಕಿ."

ಹಾಕಿದ. ರೇವತಿ ಗಾಜಿನ ಮೇಲೆ ಬಾಟಲಿ ನೀರು ಸುರಿದು ವೈಪರ್ ಚಾಲೂ ಮಾಡಿದಳು. ಒಂದರ ತುದಿ ಇನ್ನೊಂದಕ್ಕೆ ಟಕಟಕ ಬಡಿಯಿತು. ಬಿಚ್ಚಿಸಿದಳು. ಎರಡನೇ ಜೋಡಿಯ ಅಳತೆ ಸರಿಯಿತ್ತು, ಆದರೆ ವೈಪರ್ ಕಡ್ಡಿಯ ಕೊಕ್ಕೆಗೆ ಸರಿಯಾಗಿ ಕೂರದೆ ಅಲುಗಾಡಿತು. ಅದನ್ನೂ ಬಿಚ್ಚಿಸಿದಳು.

ಜಯಪ್ರಕಾಶ್ ಬೇಸತ್ತ. "ಏನಕ್ಕ, ಸೀರೆ ಆರಿಸ್ದಂಗೆ ಆರಿಸ್ತೀರಲ್ಲ! ಬೇಕಾದ್ರೆ ಯಜಮಾನ್ರನ್ನ ಕಳ್ಸಿ, ಅವ್ರಿಗೆ ಕೊಡ್ತೀನಿ."

"ಸೀರೆ ತಪ್ಪಾದ್ರೆ ಯಾರೂ ಹಳ್ಳಕ್ಕೆ ಬೀಳಲ್ಲ. ಗಾಡಿ ನಂದು, ಓಡ್ಸೋಳೂ ನಾನು. ಇನ್ನೊಂದು ತೆಗೀರಿ."

ಅವನು ಗೊಣಗುತ್ತಲೇ ಏಣಿ ಹತ್ತಿದ. ಈ ಸಲ ಹಳೆಯದನ್ನು ಪಕ್ಕದಲ್ಲಿಟ್ಟು ಅಳೆದು, ಕೊಕ್ಕೆ ನೋಡಿ ಆರಿಸಿದ. ಕ್ಲಿಪ್ಪು ಕಟಕ್ಕೆಂದು ಕೂತಿತು. ನೀರು ಸುರಿದರೆ ಗೆರೆಯೂ ಉಳಿಯದೆ ಗಾಜು ತಿಳಿಯಾಯಿತು. ರೇವತಿ ಇನ್ನೊಂದು ಬಾಟಲಿ ಸುರಿದು ನೋಡಿಯೇ ಹೊರಟಳು.

ಮಾರನೇ ಬೆಳಿಗ್ಗೆ ಧೋ ಎಂದು ಸುರಿಯುತ್ತಿತ್ತು. ಕೆಲಸದವರ ಲೈನ್ ಮನೆಗಳ ಮುಂದೆ ಜೀಪು ಆಗಲೇ ಬಂದು ನಿಂತಿತ್ತು. ರೇವತಿ ಅದರ ಹಿಂದೆಯೇ ವ್ಯಾನು ನಿಲ್ಲಿಸಿ ಬಾಗಿಲು ತೆರೆದಳು.

"ನಿನಗೆ ಹೇಳಿದ್ದು ಅರ್ಥ ಆಗ್ಲಿಲ್ವಾ?" ಶೇಷಪ್ಪ ಗದರಿದರು.

"ಅರ್ಥ ಆಯ್ತು. ಒಪ್ಪಿಗೆ ಆಗ್ಲಿಲ್ಲ. ಬನ್ನಿ, ನೀವೇ ಮುಂದಿನ ಸೀಟಲ್ಲಿ ಕೂತು ರಸ್ತೆ ಕಾಣ್ತದಾ ನೋಡಿ."

ಶೇಷಪ್ಪ ಕೂರಲಿಲ್ಲ. ಹೆಂಗಸರು ಅವರ ಮುಖ, ಇವಳ ಮುಖ ನೋಡುತ್ತ ನಿಂತರು. ಕೊನೆಗೆ ಅಂಜನಮ್ಮ ಮಳೆಗೆ ಹೊದ್ದ ಕಂಬಳಿಕೊಪ್ಪೆ ಕೊಡವಿ ವ್ಯಾನಿನತ್ತ ಬಂದಳು. ಚರಂಡಿಗಿಳಿದ ದಿನ ಮುಂದಿನ ಸೀಟಲ್ಲಿದ್ದವಳು ಅವಳೇ.

"ಅವತ್ತು ನಂಗೂ ಏನೂ ಕಾಣ್ತಿರ್ಲಿಲ್ಲ ರೈಟ್ರೇ. ಈ ಹುಡುಗಿ ಬ್ರೇಕ್ ಹಾಕಿದ್ಕೆ ಚರಂಡೀಲಿ ನಿಂತ್ವಿ, ಇಲ್ದಿದ್ರೆ ಕೆಳಗಿನ ತೋಟದಲ್ಲಿರ್ತಿದ್ವಿ," ಎಂದು ಹತ್ತಿ ಕೂತಳು. ಅವಳ ಹಿಂದೆ ಇನ್ನೂ ಮೂವರು ಹತ್ತಿದರು. ಉಳಿದವರು ತಲೆ ತಗ್ಗಿಸಿ ಜೀಪಿನತ್ತ ಹೋದರು.

"ನಾಲ್ಕೇ ಜನ," ಎಂದರು ಶೇಷಪ್ಪ. "ನಾಳೆ ಇವ್ರೂ ಬರಲ್ಲ."

"ಬರ್ದಿದ್ರೆ ಖಾಲಿ ಗಾಡೀನೇ ತಂದು ನಿಲ್ಲಿಸ್ತೀನಿ, ಶೇಷಪ್ಪಣ್ಣ," ಎಂದು ರೇವತಿ ಗೇರು ಹಾಕಿದಳು.