ಟಿಂಗ್ ನಿಲ್ಲಬೇಕಾಗಿದ್ದ ದಿನ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಬೆಳಕಿನ ವಿಷಯ ಹೇಳುವುದಕ್ಕೆ ಓದಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ಆಕಳಿಕೆ ತಡೆಯುತ್ತ ಭೌತಶಾಸ್ತ್ರ ಕಲಿತವರು ಇದಕ್ಕೆ ಕೈ ಹಾಕಬಾರದು. ತಪ್ಪು ಕಂಡರೆ ತಿಳಿದವರು ತಿದ್ದಿಕೊಂಡು ಓದಬೇಕು. ಆದರೆ ಇಲ್ಲಿ ಹೇಳಲಿರುವ ಪ್ರಯೋಗದ ಬಗ್ಗೆ ಅಚ್ಚಾದ ಪ್ರಬಂಧದಲ್ಲಿ ಟೈ ಎಂಬ ಮಾತೇ ಇಲ್ಲ. ಅದು ಅನ್ಯಾಯ ಅನ್ನಿಸಿದ್ದರಿಂದ ಇಷ್ಟು ಧೈರ್ಯ.

ಕೋಣೆ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿತ್ತು. ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲಿಗೆ ಕಪ್ಪು ಪರದೆ, ಮೂಲೆಯಲ್ಲೊಂದು ಮಂಕು ಹಸಿರು ದೀಪ. ನಡುವೆ ಮೇಜು. ಕೋಣೆಯ ಮುಕ್ಕಾಲು ಪಾಲು ನುಂಗಿದ್ದ ಉಕ್ಕಿನ ಹಾಸು, ಮೈತುಂಬ ತಿರುಪು ಕೂರಿಸುವ ತೂತುಗಳು, ಕೆಳಗೆ ಗಾಳಿ ತುಂಬಿದ ದಪ್ಪ ಕಾಲುಗಳು. ರಸ್ತೆಯಲ್ಲಿ ಲಾರಿ ಗುಡುಗಿಕೊಂಡು ಹೋದರೆ ಕೋಣೆ ಅದುರುತ್ತಿತ್ತು. ಮೇಜು ಮಾತ್ರ ತನಗೂ ಈ ಲೋಕಕ್ಕೂ ಸಂಬಂಧವಿಲ್ಲ ಎಂಬಂತೆ ತೇಲುತ್ತಿತ್ತು.

ಆ ಮೇಜಿನ ಮುಂದೆ ವರ್ಷಗಟ್ಟಲೆ ಕೂತಿದ್ದ ಸಂಶೋಧಕಿಯನ್ನು ಇಡೀ ವಿಭಾಗ ‘ಇನ್ನೊಂದ್ಸಲ’ ಎಂದೇ ಕರೆಯುತ್ತಿತ್ತು. ಯಾವ ಅಳತೆ ಸಿಕ್ಕಿದರೂ ಅವಳು ಅದನ್ನು ಇನ್ನೊಂದು ಸಲ ನೋಡದೆ ಬಿಡುವವಳಲ್ಲ. ಮನೆಯಲ್ಲೂ ಅದೇ. ಬೀಗ ಹಾಕಿ ಬೀದಿಯ ತಿರುವಿನ ತನಕ ಹೋಗಿ, ಮತ್ತೆ ಬಂದು ಎಳೆದು ನೋಡುತ್ತಿದ್ದಳು. “ನನ್ನ ಮಗ ತಾಳಿ ಕಟ್ಟಿದಾಗ್ಲೂ ಇನ್ನೊಂದ್ಸಲ ಕಟ್ಟಿ ಅಂದಿರ್ತಾಳೆ, ಗಲಾಟೇಲಿ ಕೇಳಿಸಿಲ್ಲ ಅಷ್ಟೆ,” ಎಂದು ಅವಳ ಅತ್ತೆ ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಆ ದಿನ ಪ್ರಯೋಗಾಲಯಗಳನ್ನು ಊರಿನವರಿಗೆಲ್ಲ ತೆರೆದಿಡುವ ದಿನ. ಸೊಸೆ ಇಷ್ಟು ವರ್ಷ ಏನು ಕಡಿದು ಗುಡ್ಡೆ ಹಾಕುತ್ತಿದ್ದಾಳೆ ನೋಡೋಣವೆಂದು ಅತ್ತೆಯೂ ಬಂದಿದ್ದರು. ಇನ್ನೊಂದ್ಸಲಳಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅತ್ತೆ ಬಂದದ್ದಕ್ಕಲ್ಲ. ಹಿಂದಿನ ವಾರ ವಿಭಾಗದ ಮುಖ್ಯಸ್ಥೆ ಬಂದು, ಉಕ್ಕಿನ ಹಾಸನ್ನು ಬೆರಳಲ್ಲಿ ತಟ್ಟಿ, “ಈ ಮೇಜು ಬೇಕು ಅಂತ ಮೇಲಿನ ಮಹಡಿಯವರು ನನ್ನ ತಲೆ ತಿಂತಿದ್ದಾರೆ. ತೆರೆದಿಡೋ ದಿನ ಸಂಜೆಯೊಳಗೆ ನಿಮ್ಮ ಗಂಟೆ ನಿಂತಿದ್ದು ನನ್ನ ಕಿವಿಗೆ ಕೇಳಿಸ್ಬೇಕು. ಇಲ್ದಿದ್ರೆ ಮೇಜು ಮೇಲಕ್ಕೆ,” ಎಂದು ಹೇಳಿಹೋಗಿದ್ದರು. ಮೇಜು ಹೋದರೆ ಪ್ರಯೋಗ ಹೋಯಿತು. ಪ್ರಯೋಗ ಹೋದರೆ ಇಷ್ಟು ವರ್ಷದ ಓದು ನೀರಲ್ಲಿ ಹೋಮ.

“ನಿಂತಿದ್ದು ಕೇಳಿಸ್ಬೇಕಾ? ನಿಂತಿದ್ದು ಹೇಗೆ ಕೇಳಿಸತ್ತೆ?” ಎಂದರು ಸೊಸೆಯಿಂದ ಇದನ್ನೆಲ್ಲ ಕೇಳಿದ ಅತ್ತೆ, ಸ್ಟೂಲಿನ ಮೇಲೆ ಕಾಲು ತೂಗಾಡಿಸುತ್ತ.

“ಅದೇ ಅತ್ತೆ ಕಷ್ಟ. ನೋಡಿ, ಈ ಪೆಟ್ಟಿಗೆ ಒಳಗೆ ನೀಲಿ ಲೇಸರ್ ಇದೆ. ಅಲ್ಲೊಂದು ಹರಳಿದೆ. ಆ ಹರಳಲ್ಲಿ ಬೆಳಕಿನ ಎರಡು ಕಾಳು ಒಟ್ಟಿಗೆ ಹುಟ್ತವೆ. ಅವಳಿ ಮಕ್ಕಳ ಥರ. ಒಂದು ಈ ದಾರೀಲಿ ಬರತ್ತೆ, ಇನ್ನೊಂದು ಆ ದಾರೀಲಿ.”

“ಎಲ್ಲಿ? ನಂಗೇನೂ ಕಾಣಲ್ಲ.”

“ಕಣ್ಣಿಗೆ ಕಾಣೋ ಬಣ್ಣ ಅಲ್ಲ ಅದು. ಎರಡೂ ಇಲ್ಲಿ ಈ ಅರ್ಧ ಕನ್ನಡಿ ಹತ್ರ ಸೇರ್ತವೆ. ಬಂದ ಕಾಳು ಒಂದೋ ತೂರಿ ಆಚೆ ಹೋಗ್ಬೇಕು, ಇಲ್ಲಾ ಪುಟಿದು ಈಚೆ ಬರ್ಬೇಕು. ಎರಡೂ ಕಡೆ ಕಾಳು ಎಣಿಸೋ ಒಂದೊಂದು ಬಾಗಿಲಿದೆ. ಆಚೆ ಬಾಗಿಲಿಗೆ ಹೋದ್ರೆ ಟಿಕ್, ಈಚೆ ಬಾಗಿಲಿಗೆ ಬಂದ್ರೆ ಟಕ್. ಅವಳಿಗಳು ಬೇರೆ ಬೇರೆ ಬಾಗಿಲಿಗೆ ಒಂದೇ ಕ್ಷಣದಲ್ಲಿ ಬಂದ್ರೆ ಟಿಂಗ್ ಅಂತ ಗಂಟೆ.”

ಕಾಳುಗಳು ಲೆಕ್ಕವಿಲ್ಲದಷ್ಟು ಬರುವುದರಿಂದ ಸದ್ದನ್ನು ಸಾವಿರಕ್ಕೊಂದರಂತೆ ಇಳಿಸಿಟ್ಟಿದ್ದರು. ಆದರೂ ಕೋಣೆಯಲ್ಲಿ ಟಿಕ್ ಟಕ್ ಟಿಕ್ ಟಿಕ್ ಟಕ್ ಎಂದು ಹತ್ತಾರು ಹಲ್ಲಿಗಳು ಒಂದೇ ಸಮ ಲೊಚಗುಟ್ಟಿದಂತೆ ಗದ್ದಲ, ನಡುನಡುವೆ ಟಿಂಗ್.

“ಎರಡು ದಾರಿಗಳ ಉದ್ದ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ದೆ ಸಮ ಆದ್ರೆ, ಎರಡೂ ಕಾಳು ಒಂದೇ ಸಲಕ್ಕೆ ಇಲ್ಲಿಗೆ ಬಂದ್ರೆ, ಆಮೇಲೆ ಅವು ಬೇರೆಯಾಗಲ್ಲ ಅತ್ತೆ. ಯಾವಾಗ್ಲೂ ಒಂದೇ ಬಾಗಿಲು. ಆಗ ಟಿಂಗ್ ನಿಲ್ಲತ್ತೆ. ಟಿಕ್ಕೂ ಟಕ್ಕೂ ಹಾಗೇ ಇರತ್ತೆ.”

ಅತ್ತೆ ತೂಗಾಡಿಸುತ್ತಿದ್ದ ಕಾಲು ನಿಲ್ಲಿಸಿದರು. “ಅಂದ್ರೆ ಇಷ್ಟು ವರ್ಷ ನೀನು ಒಂದು ಗಂಟೆ ನಿಲ್ಲಿಸೋಕೆ ಒದ್ದಾಡ್ತಿದ್ಯಾ? ವೈರ್ ಕಿತ್ತಾಕಬಾರ್ದಿತ್ತಾ?”

ಇನ್ನೊಂದ್ಸಲಳಿಗೆ ನಗು ತಡೆಯಲಾಗಲಿಲ್ಲ. ತಕ್ಷಣ ಗೋಡೆಯ ಆಚೆಯಿಂದ ಧಬ್ ಧಬ್ ಎಂದು ಗುದ್ದಿದ ಸದ್ದು.

“ಅದ್ಯಾರಮ್ಮ?”

“ಪಕ್ಕದ ಕೋಣೆಯವರು. ಅವರ ಪ್ರಯೋಗದಲ್ಲಿ ಬೆಳಕಿನ ಪಟ್ಟೆಗಳು ಬರ್ತವೆ. ಯಾರಾದ್ರೂ ನಕ್ಕರೂ ಸಾಕು, ಪಟ್ಟೆ ಕುಣಿಯತ್ತೆ. ಅವರನ್ನ ನಾವು ‘ಶ್ಶ್’ ಅಂತೀವಿ. ನಮ್ಮದು ಪರವಾಗಿಲ್ಲ, ನಕ್ಕರೆ ಕೆಡಲ್ಲ.”

“ಮತ್ತೆ ಯಾಕೆ ಇಷ್ಟು ದಿನ ಮುಖ ಗಂಟು ಹಾಕ್ಕೊಂಡು ಮನೆಗೆ ಬರ್ತಿದ್ದೆ?”

ಅಷ್ಟರಲ್ಲಿ ಪರದೆ ಸರಿಸಿಕೊಂಡು ಮೇಷ್ಟ್ರು ಬಂದರು. ಇನ್ನೊಂದ್ಸಲಳ ಮಾರ್ಗದರ್ಶಕರು ಅವರೇ. ಈ ಟಿಕ್ ಟಕ್ ಟಿಂಗ್ ಕೂಡ ಅವರ ಕೈವಾಡವೇ. ದಿನವೂ ಮೊಣಕೈ ಸವೆದ ಸ್ವೆಟರಿನಲ್ಲಿ ಬರುವ ಮನುಷ್ಯ ಅಂದು ಕೋಟು ಹಾಕಿ, ಗಾಢ ಕೆಂಪು ಟೈ ಕಟ್ಟಿದ್ದರು. ಕಟ್ಟಿ ಅಭ್ಯಾಸವಿಲ್ಲದ್ದರಿಂದ ಅದು ಹೊಟ್ಟೆ ದಾಟಿ, ಬೆಲ್ಟು ದಾಟಿ, ಇನ್ನೂ ಕೆಳಗೆ ಇಳಿದಿತ್ತು.

“ಎಲ್ಲಿಗೆ ಬಂತಮ್ಮ?”

“ಅಲ್ಲೇ ಇದೆ ಸರ್. ಬೆಳಗಿನಿಂದ ನಾಲ್ಕು ಸಲ ತಿರುಪು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಟಿಂಗ್ ನಿಲ್ತಾ ಇಲ್ಲ. ಇನ್ನೊಂದ್ಸಲ…”

“ನೋಡೋಣ, ನೋಡೋಣ,” ಎಂದು ಮೇಷ್ಟ್ರು ಮೇಜಿನ ಮೇಲೆ ಬಾಗಿ, ದಾರಿಯ ಉದ್ದ ಬದಲಿಸುವ ತಿರುಪಿನ ಹತ್ತಿರ ಕಣ್ಣು ತಂದರು.

ಟಿಂಗ್ ನಿಂತಿತು.

ಟಿಕ್ ಇದೆ, ಟಕ್ ಇದೆ, ಟಿಂಗ್ ಇಲ್ಲ.

“ನಿಂತ್ಹೋಯ್ತು!” ಎಂದು ಮೇಷ್ಟ್ರು ಎಗರಿ ನೆಟ್ಟಗಾದರು. ಟಿಂಗ್, ಟಿಂಗ್, ಟಿಂಗ್. ಅವರ ಮುಖ ಇಳಿಯಿತು. ಮತ್ತೆ ಬಾಗಿದರು. ನಿಂತಿತು. ಎದ್ದರು. ಟಿಂಗ್. ಬಾಗಿದರು. ಇಲ್ಲ.

“ಸರ್, ನೀವು ಹತ್ರ ಹೋದ್ರೆ ನಿಲ್ತಿದೆ,” ಎಂದಳು ಇನ್ನೊಂದ್ಸಲ.

“ಮೈಶಾಖ ಕಣಮ್ಮ!” ಮೇಷ್ಟ್ರು ಬಾಗಿದ ಭಂಗಿಯಲ್ಲೇ ಕೂಗಿದರು. “ನನ್ನ ಮೈಶಾಖಕ್ಕೆ ತಿರುಪಿನ ಲೋಹ ಹಿಗ್ತಾ ಇದೆ! ದಾರಿ ಸಮ ಆಗ್ತಿದೆ! ಅಷ್ಟೇ ಸಾಲದೇ ಇದ್ದಿದ್ದು ನಮಗೆ! ಮುಖ್ಯಸ್ಥರನ್ನ ಕರೆಸಿ. ನಾನು ಇಲ್ಲಿಂದ ಕದಲಲ್ಲ.”

ಕದಲಲೂ ಇಲ್ಲ. ಫೋನು ಮಾಡಿ, ಮುಖ್ಯಸ್ಥೆ ಮೇಲಿನಿಂದ ಇಳಿದು ಬರುವವರೆಗೂ ಮೇಷ್ಟ್ರು ಹಾಗೇ ಬಾಗಿ ನಿಂತಿದ್ದರು. ಅತ್ತೆ ಅವರ ಬೆನ್ನನ್ನೇ ಕನಿಕರದಿಂದ ನೋಡಿದರು. “ಅಲ್ರೀ, ನಿಮ್ಮ ಬದಲು ಒಂದು ಬಿಸಿನೀರಿನ ಚೀಲ ಇಟ್ರೆ ಆಗಲ್ವಾ? ಸೊಂಟ ಹಿಡ್ಕೊಳತ್ತೆ.”

“ಇಷ್ಟು ವರ್ಷಕ್ಕೆ ಒಂದು ಉಪಯೋಗಕ್ಕೆ ಬಂದಿದೆ ಈ ಸೊಂಟ, ಸುಮ್ನಿರಿ ಅಮ್ಮ,” ಎಂದರು ಮೇಷ್ಟ್ರು ಸಂತೋಷದಿಂದ.

ಮುಖ್ಯಸ್ಥೆ ಬಂದರು. “ನಮಸ್ಕಾರ ಮೇಡಂ, ಏಳೋಕಾಗಲ್ಲ, ಕ್ಷಮಿಸಿ,” ಎಂದಿತು ಮೇಜಿನ ಮೇಲಿನಿಂದ ಒಂದು ದನಿ. ಅವರು ಕತ್ತು ಓರೆ ಮಾಡಿ ಬಹಳ ಹೊತ್ತು ಕೇಳಿಸಿಕೊಂಡರು. ಟಿಕ್. ಟಕ್. ಟಿಕ್. ಟಿಂಗ್ ಎಂಬುದರ ಸುಳಿವೇ ಇಲ್ಲ.

“ಭೇಷ್,” ಎಂದರು ಮುಖ್ಯಸ್ಥೆ. “ಮೇಜು ನಿಮ್ಮದೇ.”

ಈ ಒಂದು ಮಾತಿಗಾಗಿ ಇನ್ನೊಂದ್ಸಲ ಎಷ್ಟು ದಿನ ನಿದ್ದೆಗೆಟ್ಟಿದ್ದಳು! ಕುಣಿದಾಡಬೇಕಿತ್ತು. ಆದರೆ ಅವಳ ಕಿವಿಯಲ್ಲಿ ಏನೋ ಕಡಿಯುತ್ತಿತ್ತು. ಟಿಂಗ್ ಇಷ್ಟು ಪೂರ್ತಿಯಾಗಿ ನಿಲ್ಲಬಾರದು. ಎಷ್ಟೇ ಚೆನ್ನಾಗಿ ನಡೆದರೂ ಆಗೊಮ್ಮೆ ಈಗೊಮ್ಮೆ ಒಂದಾದರೂ ಕೇಳಬೇಕು. ಅದೂ ಅಲ್ಲದೆ ಆ ಹಲ್ಲಿಗಳ ಗದ್ದಲ ಯಾಕೆ ಇಷ್ಟು ತೆಳುವಾಗಿದೆ? ಟಿಕ್ಕೂ ಅರ್ಧ, ಟಕ್ಕೂ ಅರ್ಧ. ಎರಡು ದಾರಿಯಲ್ಲಿ ಒಂದು ಮುಚ್ಚಿಹೋದರೆ ಹೀಗೇ ಆಗುತ್ತದೆ. ಒಂಟಿ ಕಾಳು ಎರಡು ಬಾಗಿಲಿಗೂ ಹೋಗುತ್ತದೆ, ಆದರೆ ಜೊತೆಗಾರನೇ ಇಲ್ಲದ ಮೇಲೆ ಟಿಂಗ್ ಎಲ್ಲಿಂದ?

ಅವಳ ಕಣ್ಣು ನಿಧಾನವಾಗಿ ಮೇಷ್ಟ್ರ ಕೊರಳಿನಿಂದ ಕೆಳಗಿಳಿಯಿತು. ಹಸಿರು ಮಬ್ಬಿನಲ್ಲಿ ಕಪ್ಪಗೆ ಕಾಣುವ ಏನೋ ಒಂದು ಮೇಜಿನತ್ತ ತೂಗಾಡುತ್ತಿತ್ತು.

ಸುಮ್ಮನಿದ್ದರೆ ಮೇಜು ಉಳಿಯುತ್ತದೆ. ಮುಖ್ಯಸ್ಥೆ ಹೊರಡಲು ಪರದೆಗೆ ಕೈ ಹಾಕಿದ್ದರು. ಮೇಷ್ಟ್ರ ಮುಖದಲ್ಲಿ ಹಬ್ಬದ ಕಳೆ. ಅತ್ತೆಯ ಮುಂದೆ, ಎಲ್ಲರ ಮುಂದೆ, ತನಗೆ ವಿದ್ಯೆ ಕಲಿಸಿದವರನ್ನು ಹೇಗೆ… ಬಾಯಿಂದ ಹೊರಬಂದದ್ದು ಅವಳಿಗೆ ಗೊತ್ತಿದ್ದ ಒಂದೇ ಮಾತು.

“ಇನ್ನೊಂದ್ಸಲ ನೋಡೋಣ ಮೇಡಂ.”

ಮುಖ್ಯಸ್ಥೆ ತಿರುಗಿದರು. “ಯಾಕೆ?”

“ಅದು… ಸರ್… ನಿಮ್ಮ ಟೈ ದಾರಿಗೆ ಅಡ್ಡ ಬಂದಿದೆ.”

ಮೇಷ್ಟ್ರು ತಲೆ ಬಗ್ಗಿಸಿ ತಮ್ಮ ಎದೆಯ ಕೆಳಗೆ ನೋಡಿಕೊಂಡರು. ಮೊದಲು ಸಿಡಿದದ್ದು ಅತ್ತೆ. “ಅಯ್ಯೋ! ಮೈಶಾಖ ಅಂತೆ! ಮೈಶಾಖ!” ಎಂದು ಸ್ಟೂಲಿನ ಮೇಲೇ ಹೊಟ್ಟೆ ಹಿಡಿದುಕೊಂಡರು. ಮುಖ್ಯಸ್ಥೆ ಗಂಭೀರವಾಗಿರಲು ನೋಡಿದರು, ಆಗಲಿಲ್ಲ; ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗೋಡೆಯ ಆಚೆ ಧಬ್ ಧಬ್ ಧಬ್. ಮೇಷ್ಟ್ರು ನಾಚಿಕೆಯಿಂದ ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. ಟೈಯ ತುದಿ ಅಷ್ಟು ಹೊತ್ತಿಗೆ ತಿರುಪಿನ ಗುಂಡುತಲೆಗೆ ಒಂದು ಸುತ್ತು ಸುತ್ತಿಕೊಂಡಿತ್ತು. ಬುಗುರಿಯ ದಾರ ಎಳೆದಂತೆ ಎಳೆಯಿತು, ತಿರುಪು ಗಿರ್ರನೆ ತಿರುಗಿತು, ಟೈ ಬಿಡಿಸಿಕೊಂಡು ಬಂತು.

“ಹಾಳಾಯ್ತು,” ಎಂದರು ಮೇಷ್ಟ್ರು. “ತಿರುಪೂ ಹೋಯ್ತು.”

“ಹಾಗಾದ್ರೆ ಮೇಜಿನ ವಿಷಯ…” ಮುಖ್ಯಸ್ಥೆ ಕಣ್ಣೊರೆಸಿಕೊಳ್ಳುತ್ತ, ನಿಜಕ್ಕೂ ಬೇಸರದಿಂದಲೇ ಶುರುಮಾಡಿದರು.

ಇನ್ನೊಂದ್ಸಲ, ನಿಲ್ಲಿ ಎಂಬಂತೆ, ಕೈ ಎತ್ತಿದಳು. ಮುಖ್ಯಸ್ಥೆಯ ಮುಂದೆ ಹಾಗೆ ಕೈ ಎತ್ತಿದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಟಿಕ್ ಟಕ್ ಟಿಕ್ ಟಿಕ್ ಟಕ್ ಟಕ್ ಟಿಕ್. ಹಲ್ಲಿಗಳೆಲ್ಲ ವಾಪಸು ಬಂದಿದ್ದವು. ಪೂರ್ತಿ ಗದ್ದಲ. ಮೇಷ್ಟ್ರು ಎರಡು ಮಾರು ದೂರ ನಿಂತಿದ್ದಾರೆ, ಟೈ ಅವರ ಮುಷ್ಟಿಯಲ್ಲೇ ಇದೆ. ಆದರೂ—

“ಗಂಟೆ ಎಲ್ಲಿ?” ಎಂದರು ಅತ್ತೆ.

ಬಹಳ ಹೊತ್ತಾದ ಮೇಲೆ ಸುಸ್ತಾದಂತೆ ಒಂದು ಟಿಂಗ್. ಮತ್ತೆ ಇಲ್ಲ.

ಅವಳು ಟಾರ್ಚು ಹಿಡಿದು ಎರಡೂ ದಾರಿಗಳ ಉದ್ದಕ್ಕೂ ನೋಡಿದಳು. ಏನೂ ಅಡ್ಡವಿಲ್ಲ. ಟಾರ್ಚು ಆರಿಸಿದಳು. “ಸರ್, ದಯವಿಟ್ಟು ಹೊರಗೆ ಹೋಗಿ,” ಎಂದಳು. ಮೇಷ್ಟ್ರು ಕಾರಿಡಾರಿಗೆ ಹೋದರು. ಟಿಂಗ್ ಬರಲಿಲ್ಲ. “ಟೈ ತೆಗೀಲಾ?” ಎಂದು ಪರದೆಯ ಸಂದಿನಿಂದ ಕೇಳಿದರು. “ತೆಗೀರಿ ಸರ್!” ತೆಗೆದರು. ಬರಲಿಲ್ಲ.

ಅವಳು ತಿರುಪಿಗೆ ಎರಡು ಬೆರಳು ತಾಗಿಸಿ, ಉಗುರಿನಷ್ಟು ಮುಂದೆ ತಿರುಗಿಸಿದಳು. ಟಿಂಗ್, ಟಿಂಗ್, ಟಿಂಗ್. ಹಿಂದಕ್ಕೆ ತಂದಳು. ಮೌನ. ಇನ್ನೂ ಹಿಂದಕ್ಕೆ. ಟಿಂಗ್, ಟಿಂಗ್. ಎರಡು ಗದ್ದಲಗಳ ನಡುವೆ ಪುಟ್ಟದೊಂದು ಕುಳಿಯಂತೆ ಆ ಮೌನ ಕೂತಿತ್ತು.

ತಿರುಪಿನ ಮೇಲಿನ ಗೆರೆ ನೋಡಿದಾಗ ಅವಳಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅವಳು ಇಷ್ಟು ದಿನ ಹುಡುಕುತ್ತಿದ್ದ ಜಾಗದಿಂದ ಇದು ಎಷ್ಟೋ ಆಚೆ. ಒಂದೇ ತುಂಡನ್ನು ಇನ್ನೊಂದು ಸಲ, ಮತ್ತೊಂದು ಸಲ ಎಂದು ಉಜ್ಜಿ ಉಜ್ಜಿ ನೋಡಿದ್ದಳೇ ಹೊರತು, ಗಡಿ ದಾಟಿ ಒಂದು ಹೆಜ್ಜೆ ಇಟ್ಟಿರಲಿಲ್ಲ. ಟೈಗೆ ಆ ಭಯವಿರಲಿಲ್ಲ.

“ಸಿಕ್ತು,” ಎಂದಳು. ಪರದೆಯತ್ತ ತಿರುಗಿ ಕೂಗಿದಳು. “ಸರ್! ಸಿಕ್ತು!”

ಮೇಷ್ಟ್ರು ಟೈ ಬಾವುಟದಂತೆ ಬೀಸುತ್ತ ಒಳಗೆ ನುಗ್ಗಿದರು. ಅತ್ತೆ ಸೊಸೆಯನ್ನು ಹಿಡಿದು ಗಿರಗಿರನೆ ತಿರುಗಿಸಿದರು, “ಏನು ಸಿಕ್ತು ಅಂತ ಆಮೇಲೆ ಹೇಳು!” ಎನ್ನುತ್ತ. ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಶ್ಶ್ ಬಂದರು, ಕೋಪದಿಂದ ಕೆಂಪಾಗಿ.

“ಏನ್ರೀ ಇದು? ನನ್ನ ಪಟ್ಟೆಗಳು ಒಂದು ಗಂಟೆಯಿಂದ ಕುಣೀತಿವೆ! ಇದು ಪ್ರಯೋಗಾಲಯಾನೋ ಮದುವೆ ಮನೆಯೋ?”

“ಟೈ ರೀ! ಮೈಶಾಖ ಅಂದ್ಕೊಂಡಿದ್ವಿ, ಟೈ!” ಎಂದರು ಮುಖ್ಯಸ್ಥೆ, ಮುಂದೆ ಹೇಳಲಾರದೆ.

ಮಾತು ಅರ್ಥವಾಗಲು ಶ್ಶ್‌ಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವರು ನಕ್ಕ ನಗುವಿಗೆ, ಅವರದೇ ಪಟ್ಟೆಗಳು ಅಂದೆಲ್ಲ ನೆಲೆಗೆ ನಿಲ್ಲಲಿಲ್ಲವಂತೆ. ಮುಖ್ಯಸ್ಥೆ ಹೊರಡುವ ಮುನ್ನ ಉಕ್ಕಿನ ಹಾಸನ್ನು ತಟ್ಟಲು ಕೈ ಚಾಚಿ, ಯಾಕೋ ಹೆದರಿ ಹಿಂದೆಗೆದುಕೊಂಡರು. “ಈ ಮೇಜನ್ನ ಯಾರೂ ಮುಟ್ಟಕೂಡದು. ಮೇಲಿನ ಮಹಡಿಯವರಿಗೆ ನಾನೇ ಹೇಳ್ತೀನಿ,” ಎಂದರು.

“ಇನ್ನೊಂದ್ಸಲ ಹೇಳಿ ಮೇಡಂ,” ಎಂದರು ಅತ್ತೆ. ಎಲ್ಲರೂ ಮತ್ತೆ ನಕ್ಕರು.

ಸಂಜೆ ಮನೆಗೆ ನಡೆಯುವಾಗ ಅತ್ತೆ ಸೊಸೆ ಇಬ್ಬರಿಗೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಅತ್ತೆ ನಿಂತರು.

“ಅಲ್ಲಮ್ಮಾ, ಒಂದು ಕೇಳ್ತೀನಿ. ಅವೆರಡು ಒಟ್ಟಿಗೆ ಬಂದ್ರೆ ಒಂದೇ ಬಾಗಿಲಲ್ಲಿ ಹೋಗ್ತವೆ ಅಂದ್ಯಲ್ಲ. ಯಾಕೆ ಹೋಗ್ತವೆ?”

“ಲೆಕ್ಕ ಇದೆ ಅತ್ತೆ. ಒಂದು ಸಾಲಲ್ಲಿ ಬರೆದು ತೋರಿಸ್ಬಲ್ಲೆ. ಬೇರೆ ಬೇರೆ ಹೋಗೋ ಎರಡು ಬಗೆ ಒಂದನ್ನೊಂದು ಹೊಡೆದು ಹಾಕ್ತವೆ.”

“ಲೆಕ್ಕ ಇರ್ಲಿ. ಅವಕ್ಕೆ ಹೇಗೆ ಗೊತ್ತಾಗತ್ತೆ, ಇನ್ನೊಂದು ಬಂದಿದೆ ಅಂತ?”

ಸೊಸೆ ನಗುತ್ತ, “ಗೊತ್ತಿಲ್ಲ ಅತ್ತೆ,” ಎಂದಳು.

ಅವಳು ಈಗಲೂ ಹಾಗೇ ಹೇಳುತ್ತಾಳೆ. ಮೇಷ್ಟ್ರನ್ನು ಕೇಳಿದರೆ ಅವರು ಲೆಕ್ಕವನ್ನು ಇನ್ನಷ್ಟು ಚೆನ್ನಾಗಿ ಬರೆದು ತೋರಿಸುತ್ತಾರೆ. ಯಾಕೆ ಎಂಬುದು ಇದನ್ನು ಬರೆದವರಿಗಂತೂ ಗೊತ್ತಿಲ್ಲ.